ನಡುಮನೆಗೆ ನಸುಗುಲಾಬಿ

ದಸರೆ, ದೀಪಾವಳಿ ಹತ್ತಿರ ಬಂತೆಂದರೆ, ಇಲ್ಲವೇ ಮನೆಯಲ್ಲೊಂದು ಮದುವೆ ಮುಂಜಿ ಗೊತ್ತಾಯಿತೆಂದರೆ, ಮೊದಲು ಏಳುವ ಮಾತು ಸುಣ್ಣಬಣ್ಣದ್ದು. ಪೇಂಟರ್ ಶೇಡ್ ಕಾರ್ಡನ್ನು ಕಂಕುಳಲ್ಲಿಟ್ಟುಕೊಂಡು ಬರುತ್ತಾನೆ. ಯಜಮಾನರು ಅದನ್ನು ಬಿಚ್ಚಿಯೂ ನೋಡದೆ, "ಹಾಲಿಗೆ ಕ್ರೀಮ್ ಹೊಡೆದುಬಿಡಪ್ಪ, ಹೋದ ಸಲದ್ದೇ ಇರಲಿ" ಎನ್ನುತ್ತಾರೆ. ಅಡುಗೆಮನೆ ಬಾಗಿಲಲ್ಲಿ ಸೌಟು ಹಿಡಿದು ನಿಂತ ನೀವು ಹೇಳಬೇಕೆಂದಿದ್ದ ಮಾತನ್ನು ಹಾಗೇ ನುಂಗಿಕೊಳ್ಳುತ್ತೀರಿ. ಮುಗಿಯಿತು. ಇನ್ನು ಐದಾರು ವರ್ಷ ಆ ಗೋಡೆ ಹಾಗೇ.

ಸ್ವಲ್ಪ ಯೋಚನೆ ಮಾಡಿ ನೋಡಿ. ಆ ಗೋಡೆಯನ್ನು ದಿನಕ್ಕೆ ಅತಿ ಹೆಚ್ಚು ಹೊತ್ತು ನೋಡುವವರು ಯಾರು? ಬೆಳಗ್ಗೆ ಒಂಬತ್ತಕ್ಕೆ ಹೊರಟು ಸಂಜೆ ಬರುವವರಲ್ಲ. ತಿಂಗಳಿಗೊಮ್ಮೆ ಬಂದು ಕಾಫಿ ಕುಡಿದು ಹೋಗುವ ನೆಂಟರೂ ಅಲ್ಲ. ಅಕ್ಕಿ ಆರಿಸುವುದು, ಮಧ್ಯಾಹ್ನ ಅರ್ಧ ಗಂಟೆ ಒರಗುವುದು, ಮಕ್ಕಳ ಪಾಠ ನೋಡುವುದು ಎಲ್ಲವೂ ನಡುಮನೆಯಲ್ಲೇ ನಡೆಯುವಾಗ ಅಲ್ಲಿರುವವರು ನೀವು. ಬಣ್ಣದ ಮಾತಿನಲ್ಲಿ ನಿಮ್ಮದೂ ಒಂದು ಮಾತು ಇರಬೇಡವೇ?

ಈ ಸಲ ಬಾಯಿ ಬಿಟ್ಟು ಹೇಳಿ. ನಸುಗುಲಾಬಿ ಬೇಕು ಅನ್ನಿ.

ಅಂದ ತಕ್ಷಣ ಏನು ಬರುತ್ತದೆಂದು ನನಗೂ ಗೊತ್ತು. "ಪಿಂಕಾ? ಇದೇನು ಹೆರಿಗೆ ಆಸ್ಪತ್ರೇನಾ?" ಎಂದು ಒಬ್ಬರು. "ಹುಡುಗೀರ ರೂಮಿಗಾದ್ರೆ ಸರಿ, ಹಾಲಿಗೆ ಯಾರಾದ್ರೂ ಹೊಡೆಸ್ತಾರಾ?" ಎಂದು ಇನ್ನೊಬ್ಬರು. ಗುಲಾಬಿ ಹೆಂಗಸರ ಬಣ್ಣ ಎಂಬುದು ಪಶ್ಚಿಮದಿಂದ ಬಂದ ಮಾತು, ಅಲ್ಲೂ ಬಹಳ ಹಳೆಯದಲ್ಲ. ನಮ್ಮ ಉತ್ತರ ಕರ್ನಾಟಕದ ಮದುವೆಗಳಲ್ಲಿ ಗುಲಾಬಿ ರುಮಾಲು ಸುತ್ತಿಕೊಂಡ ಹಿರಿಯರನ್ನು ನೋಡಿ ಇದು ಹೆಂಗಸರ ಬಣ್ಣ ಎಂದವರುಂಟೇ? ಜೈಪುರವಂತೂ ಇಡೀ ಊರೇ ಗುಲಾಬಿ. 1876ರಲ್ಲಿ ಇಂಗ್ಲೆಂಡಿನ ಯುವರಾಜ ಬರುತ್ತಾನೆಂದು ಮಹಾರಾಜ ಎರಡನೇ ರಾಮಸಿಂಹ ಬಳಿಸಿದ ಬಣ್ಣ ಅದು. ಆ ಬಣ್ಣ ಯಾವುದೆಂದು ಕೇಳಿದರೆ ನಿಮಗೇ ನಗು ಬಂದೀತು. ಅದರ ಮೂಲ ಗೇರು, ಅಂದರೆ ನಮ್ಮ ಕೆಮ್ಮಣ್ಣಿನ ಜಾತಿಯದೇ.

ಯಾವ ಗುಲಾಬಿ?

ಜನ ಹೆದರುವುದು ಒಂದು ಬಗೆಯ ಗುಲಾಬಿಗೆ. ಜಾತ್ರೆಯ ಬಾಂಬೆ ಮಿಠಾಯಿಯ ಗುಲಾಬಿ. ಆ ಹೆದರಿಕೆ ನ್ಯಾಯವಾದದ್ದೇ. (ಮಿಠಾಯಿಗೆ ಹಾಕುತ್ತಿದ್ದ ಆ ಬಣ್ಣವನ್ನು ನಮ್ಮ ರಾಜ್ಯ ಸರಕಾರ 2024ರ ಮಾರ್ಚಿನಲ್ಲಿ ಬೇಡವೆಂದು ನಿಷೇಧಿಸಿತು. ಗೋಡೆಗೂ ಅದು ಬೇಡ.) ಕೆಂಪಿಗೆ ಬರಿಯ ಬಿಳಿ ಸುರಿದರೆ ಬರುವುದು ಅದೇ. ಒಂದು ಗಂಟೆ ನೋಡಿದರೆ ಕಣ್ಣು ಚುಚ್ಚುತ್ತದೆ.

ನಾನು ಹೇಳುತ್ತಿರುವುದು ಬೇರೆ. ದೊಡ್ಡ ಈರುಳ್ಳಿ ಸುಲಿಯುವಾಗ ಹೊರಗಿನ ಒಣ ಸಿಪ್ಪೆ ಹೋದ ಮೇಲೆ ಕಾಣುವ ಎರಡನೆಯ ಪದರ ನೋಡಿದ್ದೀರಲ್ಲ, ಅದು. ಸೀರೆ ಅಂಗಡಿಯಲ್ಲಿ 'ಈರುಳ್ಳಿ ಬಣ್ಣ' ಎಂದು ತೆಗೆದು ತೋರಿಸುತ್ತಾರಲ್ಲ, ಅದು. ದೇವರ ಪಟದ ಮೇಲೆ ಎರಡು ದಿನ ಇದ್ದು ಬಾಡಿದ ಗುಲಾಬಿಯ ದಳ. ಕಾರವಾರದ ಕಡೆಯವರಾದರೆ ಸೋಲ್‌ಕಡಿ ನೆನೆಸಿಕೊಳ್ಳಿ, ತೆಂಗಿನಹಾಲಿಗೆ ಮುರುಗಲು ಬಿದ್ದು ಬರುವ ಆ ತಣ್ಣನೆಯ ಬಣ್ಣ. ಇವುಗಳಲ್ಲೆಲ್ಲ ಗುಲಾಬಿ ಇದೆ, ಆದರೆ ಕೂಗಾಟ ಇಲ್ಲ.

ಇದರ ಗುಟ್ಟು ಬಹಳ ಸುಲಭ. ಕೆಂಪಿಗೆ ಎದುರು ಬಣ್ಣ ಹಸಿರು. ಗುಲಾಬಿಗೆ ಒಂದು ತೊಟ್ಟು ಹಸಿರು ಬಿದ್ದರೆ ಅದರ ಆರ್ಭಟ ಇಳಿಯುತ್ತದೆ. ಒಂದಿಷ್ಟು ಮಣ್ಣಿನ ಹಳದಿ ಅಥವಾ ಕಂದು ಬಿದ್ದರೆ ಬೆಚ್ಚಗಾಗುತ್ತದೆ. ಅನುಭವಸ್ಥ ಪೇಂಟರುಗಳಿಗೆ ಇದು ಗೊತ್ತು. ಬಿಳಿ ಡಬ್ಬಿಗೆ ರೆಡ್ ಆಕ್ಸೈಡ್ ಸ್ಟೇನರ್, ಚೂರು ಯೆಲ್ಲೋ ಆಕ್ಸೈಡ್ ಹಾಕಿ ಕಲಸುತ್ತಾರೆ. ಈಗ ತಾಲ್ಲೂಕು ಊರುಗಳಲ್ಲೂ ಬಣ್ಣದಂಗಡಿಗೆ ಯಂತ್ರ ಬಂದಿದೆ. ನಂಬರು ಒತ್ತಿದರೆ ಬೇಕಾದಷ್ಟೇ ತೊಟ್ಟು ಬೀಳುತ್ತದೆ. ಯಂತ್ರದಲ್ಲಿ ಮಾಡಿಸಿದರೆ ಒಂದು ಲಾಭವೆಂದರೆ ಅದೇ ಬಣ್ಣ ಮುಂದೆಯೂ ಸಿಗುತ್ತದೆ. ಕೈಯಲ್ಲಿ ಕಲಸಿದ್ದು ಅರ್ಧ ಗೋಡೆಗೆ ಮುಗಿದುಹೋದರೆ ಎರಡನೆಯ ಬಕೆಟ್ ಬೇರೆಯೇ ಆಗುತ್ತದೆ. ಕೈಕಲಸು ಮಾಡಿಸುವುದಾದರೆ ಇಡೀ ಹಾಲಿಗಾಗುವಷ್ಟನ್ನೂ ಒಂದೇ ಸಲ ಕಲಸಿಡುವಂತೆ ಹೇಳಿ.

ಇನ್ನೊಂದು ಮಾತು. ಗುಲಾಬಿ ಬಣ್ಣಕ್ಕೆ ಬಿಸಿಲೆಂದರೆ ಆಗದು. ರಾಸಾಯನಿಕ ಕೆಂಪುಗಳಲ್ಲಿ ಅನೇಕವು ಪಡುವಣ ಬಿಸಿಲಿಗೆ ಕೆಲವೇ ವರ್ಷಗಳಲ್ಲಿ ಸೋಲುತ್ತವೆ. ಕೆಮ್ಮಣ್ಣಿನ ಕೆಂಪು, ಎಂದರೆ ಕಬ್ಬಿಣದ ತುಕ್ಕಿನ ಕೆಂಪು, ಸೋಲುವುದಿಲ್ಲ. ಬಿಸಿಲಿಗೂ ಜಗ್ಗದು, ಸುಣ್ಣದ ಕಾರಕ್ಕೂ ಜಗ್ಗದು. ಕರಾವಳಿಯ ಹಳೆಯ ದೇವಸ್ಥಾನಗಳಲ್ಲಿ, ದೊಡ್ಡ ಮನೆಗಳಲ್ಲಿ ಬಿಳಿ ಸುಣ್ಣದ ಗಾರೆಯ ಮೇಲೆ ಕೆಂಪು ಕಾವಿ ಬಳಿದು, ಕೆರೆದು ಬಿಡಿಸಿದ ಕಾವಿ ಚಿತ್ರಗಳು ತಲೆಮಾರುಗಳಾದರೂ ಉಳಿದಿರುವುದು ಅದಕ್ಕೇ. ಅಂಗಡಿಯಲ್ಲಿ "ಆಕ್ಸೈಡ್ ಸ್ಟೇನರಿನಿಂದ ಬರೋ ಪಿಂಕ್ ಕೊಡಿ" ಎಂದು ಕೇಳಿ. ಅವನು ನಿಮ್ಮನ್ನು ಒಮ್ಮೆ ನೋಡುತ್ತಾನೆ, ಆಮೇಲೆ ಮರ್ಯಾದೆಯಿಂದ ಮಾತಾಡುತ್ತಾನೆ.

ಮೊದಲು ನೆಲ ನೋಡಿ

ಶೇಡ್ ಕಾರ್ಡ್ ತೆರೆಯುವ ಮೊದಲು ಕೆಳಗೆ ನೋಡಿ. ಗೋಡೆಯ ಬಣ್ಣವನ್ನು ಅರ್ಧ ನಿರ್ಧರಿಸುವುದು ನಿಮ್ಮ ನೆಲ.

ನಿಮ್ಮದು ಹಳೆಯ ಮನೆ, ನೆಲ ಕೆಂಪು ಗಾರೆಯದೋ ರೆಡ್ ಆಕ್ಸೈಡಿನದೋ ಆಗಿದ್ದರೆ ನೀವು ಭಾಗ್ಯವಂತರು. ಬೆಳಗಿನ ಬೆಳಕು ಆ ನೆಲಕ್ಕೆ ಬಿದ್ದು ಗೋಡೆಗೆ ಹಾರಿದಾಗ ಬಿಳಿ ಗೋಡೆಯೂ ಗುಲಾಬಿಯಾಗಿ ಕಾಣುತ್ತದೆ. ಅಂಥ ಕಡೆ ಗುಲಾಬಿಯ ಸುಳಿವಷ್ಟೇ ಇರುವ ಬಿಳಿ ಸಾಕು, ಮಿಕ್ಕದ್ದನ್ನು ನೆಲ ಮಾಡುತ್ತದೆ. ದಯವಿಟ್ಟು ಆ ನೆಲ ಅಗೆಸಿ ಟೈಲ್ಸ್ ಹಾಕಿಸುವ ಆತುರ ಬೇಡ. ಬಿರುಕು ಬಿಟ್ಟಿದ್ದರೆ ಬಿರುಕಿಗಷ್ಟೇ ಕೆಲಸ ಮಾಡಿಸಿ, ಮೇಣ ಹಾಕಿ ಉಜ್ಜಿಸಿ. ಅಂಥ ನೆಲ ಹಾಕುವ ಗಾರೆಯವರು ಈಗ ಊರಿಗೊಬ್ಬರು ಸಿಕ್ಕರೆ ಹೆಚ್ಚು. ಹೋದದ್ದು ಮತ್ತೆ ಬಾರದು.

ಶಹಾಬಾದಿ ಕಲ್ಲಿನ ಬೂದು ನೆಲವಿದ್ದರೆ ಗುಲಾಬಿ ಅದರ ಪಕ್ಕದಲ್ಲಿ ಅರಳಿ ನಿಲ್ಲುತ್ತದೆ. ಬೂದಿಗೂ ಗುಲಾಬಿಗೂ ಅಂಥ ಸ್ನೇಹ. ಅಲ್ಲಿ ಸ್ವಲ್ಪ ಗಾಢವಾದದ್ದನ್ನೇ ಆರಿಸಬಹುದು. ಈಚಿನ ಹೊಳೆಯುವ ದಂತವರ್ಣದ ಟೈಲ್ಸ್ ಇದ್ದರೆ ನೀಲಿ ಬೆರೆತ ಗುಲಾಬಿ ತೀರಾ ಬೇಡ, ಎರಡೂ ಕೊಳಕಾಗಿ ಕಾಣುತ್ತವೆ. ಕಂದು ಕಡೆಗೆ ವಾಲಿದ, ಸುಟ್ಟ ಮಡಕೆಯ ನಸುಬಣ್ಣ ಅಲ್ಲಿಗೆ ಹೊಂದುತ್ತದೆ. ಮೊಸಾಯಿಕ್ ನೆಲದವರು ಮಂಡಿಯೂರಿ ಕೂತು ಒಂದು ಕೆಲಸ ಮಾಡಿ. ಅದರ ಚೂರುಗಳಲ್ಲಿ ಗುಲಾಬಿ ಚೂರು ಇದೆಯೇ ಹುಡುಕಿ. ಬಹಳ ಮನೆಗಳಲ್ಲಿ ಇರುತ್ತದೆ. ನಿಮ್ಮ ಶೇಡ್ ಅದೇ.

ಬಾಗಿಲು ಕಿಟಕಿಗೆ ಹಸಿರು ಬಣ್ಣ ಇದ್ದರೆ ಅದನ್ನು ಕಂದು ಮಾಡಿಸಲು ಹೋಗಬೇಡಿ. ಹಸಿರಿನ ಪಕ್ಕದ ಗುಲಾಬಿ ತಾನಾಗಿಯೇ ಎದ್ದು ಕಾಣುತ್ತದೆ. ಕಿಟಕಿಯಾಚೆ ಬಾಳೆಯೋ ಕ್ರೋಟನ್ ಗಿಡವೋ ಇದ್ದರೂ ಅದೇ ಕೆಲಸ ನಡೆಯುತ್ತದೆ, ಖರ್ಚಿಲ್ಲದೆ.

ಬೆಳಕು ಬಣ್ಣ ಬದಲಿಸುತ್ತದೆ

ಅಂಗಡಿಯಲ್ಲಿ ಚೆಂದ ಕಂಡ ಸೀರೆ ಮನೆಗೆ ಬಂದು ಬೇರೆಯೇ ಆದ ಅನುಭವ ನಮಗೆಲ್ಲ ಇದ್ದೇ ಇದೆ. ಗೋಡೆಗೂ ಅದೇ ಕಥೆ, ಆದರೆ ಗೋಡೆಯನ್ನು ವಾಪಸು ಕೊಡಲಾಗದು. ಶೇಡ್ ಕಾರ್ಡಿನ ಬೆರಳಗಲದ ಚೂರನ್ನು ನಂಬಬೇಡಿ. ನಾಲ್ಕು ಗೋಡೆಗೂ ಒಂದೇ ಬಣ್ಣ ಬಿದ್ದಾಗ ಗೋಡೆಯಿಂದ ಗೋಡೆಗೆ ಬೆಳಕು ಹಾರಿ ಬಣ್ಣ ದಟ್ಟವಾಗುತ್ತದೆ. ಕಾರ್ಡಿನಲ್ಲಿ ನಿಮಗೆ ಹಿಡಿಸಿದ್ದಕ್ಕಿಂತ ಒಂದು ಮೆಟ್ಟಿಲು ತಿಳಿಯಾದದ್ದನ್ನು ಆರಿಸಿದರೆ ಗೋಡೆಯ ಮೇಲೆ ಸರಿಯಾಗಿ ಕೂರುತ್ತದೆ.

ಅದಕ್ಕೂ ಮೊದಲು ಒಂದು ಪರೀಕ್ಷೆ ಮಾಡಿ. ಚಿಕ್ಕ ಡಬ್ಬಿಯಷ್ಟು ಬಣ್ಣ ತರಿಸಿ, ಎರಡಡಿ ಉದ್ದಗಲದ ರಟ್ಟಿಗೆ ಎರಡು ಕೋಟ್ ಬಳಿಯಿರಿ. ಪೂರ್ತಿ ಒಣಗಲಿ. ಎಮಲ್ಷನ್ ಒಣಗಿದ ಮೇಲೆ ಒಂದು ಚೂರು ಗಾಢವಾಗುತ್ತದೆ, ಸುಣ್ಣದ್ದು ಬಹಳ ತಿಳಿಯಾಗುತ್ತದೆ. ಆ ರಟ್ಟನ್ನು ಸೋಫಾ ಹಿಂದೆ ಒರಗಿಸಿ ಬೆಳಗ್ಗೆ ಏಳಕ್ಕೆ, ನಡುಮಧ್ಯಾಹ್ನ, ಸಂಜೆ ಐದಕ್ಕೆ ನೋಡಿ, ಆಮೇಲೆ ದೀಪ ಹಾಕಿ ನೋಡಿ. ಎರಡು ದಿನ ಬಿಟ್ಟು ಎದುರು ಗೋಡೆಗೆ ಇಟ್ಟು ನೋಡಿ. ಉತ್ತರದ ಕಿಟಕಿಯ ಬೆಳಕಿನಲ್ಲಿ ಗುಲಾಬಿ ತಣ್ಣಗೆ, ಬೂದು ಬೂದಾಗಿ ಕಾಣುತ್ತದೆ. ಪಡುವಣದ ಸಂಜೆ ಬೆಳಕಿನಲ್ಲಿ ಅದೇ ಬಣ್ಣ ಕಿತ್ತಳೆ ಕಡೆಗೆ ಉರಿಯುತ್ತದೆ. ನಿಮ್ಮ ಬಿಡುವಿನ ಹೊತ್ತಿನಲ್ಲಿ, ಅಂದರೆ ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ, ಅದು ಹೇಗಿದೆ ಎಂಬುದಕ್ಕೆ ಹೆಚ್ಚು ಅಂಕ ಕೊಡಿ ಎಂದು ನನ್ನ ಸಲಹೆ.

ಇನ್ನು ದೀಪ. ನಮ್ಮ ಮನೆಗಳಲ್ಲಿ ಬಹುಪಾಲು ಬೆಳ್ಳಗೆ ಉರಿಯುವ ಎಲ್‌ಇಡಿ. ಅದರ ಡಬ್ಬಿಯ ಮೇಲೆ 6500 ಕೆ ಎಂದು ಬರೆದಿರುತ್ತದೆ. ಆ ಬೆಳಕಿನಲ್ಲಿ ನೀಲಿ ಹೆಚ್ಚು. ನಸುಗುಲಾಬಿ ಗೋಡೆ ಅದರ ಕೆಳಗೆ ಸತ್ತ ನೇರಳೆಯಂತೆ ಕಾಣುತ್ತದೆ, ಕೂತವರ ಮುಖವೂ ಕಳೆಗುಂದುತ್ತದೆ. 3000 ಕೆ ಅಥವಾ 4000 ಕೆ ಎಂದಿರುವ ಬಲ್ಬು ಕೇಳಿ ತನ್ನಿ. ಹೆಚ್ಚಿನ ದುಡ್ಡೇನೂ ಇಲ್ಲ. "ಮಂದ ಬೆಳಕು, ಓದೋಕಾಗಲ್ಲ" ಎಂದು ಮಕ್ಕಳು ಹೇಳಿದರೆ ಅವರು ಓದುವ ಮೂಲೆಗೆ ಬೇರೆ ದೀಪ ಕೊಡಿ, ಇಡೀ ಹಾಲನ್ನು ಬ್ಯಾಂಕಿನಂತೆ ಬೆಳಗಿಸಬೇಕಿಲ್ಲ.

ನಡುಮನೆಯ ದಿವಾನದ ಮೇಲೆ ವಯಸ್ಸಾದ ಅತ್ತೆಯೋ ಮಾವನವರೋ ಇದ್ದಾರೆಯೇ? ಹಾಗಿದ್ದರೆ ಈ ಮಾತು ಗಮನಿಸಿ. ವಯಸ್ಸಾದಂತೆ ಕಣ್ಣಿನ ಮಸೂರ ಹಳದಿಗಟ್ಟುತ್ತದೆ. ತಿಳಿಗುಲಾಬಿಗೂ ಕ್ರೀಮಿಗೂ ನಮಗೆ ಕಾಣುವ ವ್ಯತ್ಯಾಸ ಅವರಿಗೆ ಕಾಣದೇ ಹೋಗಬಹುದು. ಗೋಡೆ, ಬಾಗಿಲ ಚೌಕಟ್ಟು, ಹೊಸ್ತಿಲು, ನೆಲ ಎಲ್ಲವೂ ತಿಳಿಬಣ್ಣವಾದರೆ ಹೊಸ್ತಿಲು ಎಲ್ಲಿದೆ ಎಂದು ತಿಳಿಯದೆ ಎಡವುತ್ತಾರೆ. ಈ ವಯಸ್ಸಿನಲ್ಲಿ ಬಿದ್ದು ಸೊಂಟದ ಮೂಳೆ ಮುರಿದರೆ ಏನಾಗುತ್ತದೆಂದು ನಿಮಗೆ ನಾನು ಹೇಳಬೇಕಿಲ್ಲ. ಅದಕ್ಕೆ ಗೋಡೆಯ ಬುಡಕ್ಕೆ ಅರ್ಧ ಅಡಿ ಗಾಢವಾದ ಕೆಮ್ಮಣ್ಣಿನ ಪಟ್ಟಿ ಬಳಿಸಿ, ಹೊಸ್ತಿಲಿಗೂ ಅದೇ ಬಣ್ಣ. ನಮ್ಮ ಅಜ್ಜಿಯರ ಕಾಲದ ಮನೆಗಳಲ್ಲಿ ಈ ಪಟ್ಟಿ ಇದ್ದೇ ಇರುತ್ತಿತ್ತು. ನೆಲ ಒರೆಸುವಾಗ ಗೋಡೆ ಕೊಳೆಯಾಗದಿರಲೆಂಬುದು ಒಂದು ಕಾರಣ, ನೋಡಲು ಚೆಂದ ಎಂಬುದು ಇನ್ನೊಂದು. ಸ್ವಿಚ್ ಬೋರ್ಡಿನ ಸುತ್ತಲೂ ಒಂದು ಗಾಢ ಅಂಚು ಕೊಟ್ಟರೆ ರಾತ್ರಿ ತಡಕಾಡುವುದು ತಪ್ಪುತ್ತದೆ. ಪೊರೆಯ ಆಪರೇಷನ್ ಆಗಿ ಬಂದ ಮೇಲೆ ಕೆಲವು ಹಿರಿಯರು "ಗೋಡೆಗೆ ಯಾವಾಗ ಬಣ್ಣ ಹೊಡೆಸಿದ್ಯಮ್ಮಾ?" ಎಂದು ಕೇಳುವುದುಂಟು. ಬಣ್ಣ ಅದೇ, ಕಣ್ಣು ಹೊಸದು.

ಬಳಿಸುವ ಮುನ್ನ

ನಿಮ್ಮದು ಮಣ್ಣಿನ ಗೋಡೆ ಅಥವಾ ಹಳೆಯ ಸುಣ್ಣದ ಗಾರೆಯ ಗೋಡೆಯಾದರೆ ಪ್ಲಾಸ್ಟಿಕ್ ಎಮಲ್ಷನ್ ಬಳಿಸುವ ಮುಂಚೆ ಹತ್ತು ಸಲ ಯೋಚಿಸಿ. ಅಂಥ ಗೋಡೆ ನೆಲದ ತೇವವನ್ನು ಹೀರಿ ಹೊರಗೆ ಬಿಡುತ್ತದೆ. ಮೇಲೆ ಪ್ಲಾಸ್ಟಿಕ್ಕಿನ ಚರ್ಮ ಬಿದ್ದರೆ ತೇವ ಒಳಗೇ ನಿಂತು ಮಳೆಗಾಲ ಮುಗಿಯುವಷ್ಟರಲ್ಲಿ ಹಪ್ಪಳದಂತೆ ಬಣ್ಣ ಏಳುತ್ತದೆ, ಉಪ್ಪು ಹೂ ಬಿಡುತ್ತದೆ. ಗುಲಾಬಿಯ ಮೇಲೆ ಆ ಬಿಳಿ ಕಲೆ ಕ್ರೀಮಿನ ಮೇಲಿಗಿಂತ ಎದ್ದು ಕಾಣುತ್ತದೆ. ಅಲ್ಲಿಗೆ ಸುಣ್ಣವೇ ಸರಿ. ಸೋಸಿದ ಸುಣ್ಣದ ತಿಳಿಗೆ ಕೆಂಪು ಆಕ್ಸೈಡ್ ಪುಡಿಯನ್ನು ನೀರಿನಲ್ಲಿ ಮೊದಲೇ ಗಂಟಿಲ್ಲದಂತೆ ಕದಡಿ ಚಮಚ ಚಮಚವಾಗಿ ಬೆರೆಸಬೇಕು. ರಟ್ಟಿನ ಮೇಲೆ ಬಳಿದು, ಒಣಗಿಸಿ, ನೋಡಿ, ಆಮೇಲೆ ಮುಂದಿನ ಚಮಚ. ಹಸಿಯಾಗಿದ್ದಾಗ ಹೆದರುವಷ್ಟು ಕೆಂಪಾಗಿ ಕಾಣುತ್ತದೆ, ಮರುದಿನ ನೋಡಿದರೆ ಈರುಳ್ಳಿ ಸಿಪ್ಪೆ. ಗೋಡೆಗೆ ನೀರು ಚಿಮುಕಿಸಿ ತೆಳ್ಳಗೆ ಮೂರು ಸಲ ಬಳಿಸಿ. ಸುಣ್ಣ ಕಣ್ಣಿಗೆ ಹಾರಿದರೆ ಅಪಾಯ, ಮಕ್ಕಳು ಹತ್ತಿರ ಸುಳಿಯದಿರಲಿ.

ಹೊಸ ಸಿಮೆಂಟ್ ಗಿಲಾವಾದರೆ ಕಡಿಮೆಯೆಂದರೆ ನಾಲ್ಕು ವಾರ ಒಣಗಬೇಕು. ಗೃಹಪ್ರವೇಶದ ಮುಹೂರ್ತಕ್ಕೆಂದು ಅವಸರದಲ್ಲಿ ಬಳಿಸಿದ ಗೋಡೆಗಳ ಗತಿ ನೀವು ನೋಡಿಯೇ ಇರುತ್ತೀರಿ.

ಇನ್ನೊಂದು ವಿಷಯಕ್ಕೆ ದಯವಿಟ್ಟು ಗಮನ ಕೊಡಿ. ಹಳೆಯ ಬಾಗಿಲು ಕಿಟಕಿಗಳ ಎಣ್ಣೆ ಬಣ್ಣದಲ್ಲಿ ಸೀಸ ಇರುವ ಸಂಭವ ಹೆಚ್ಚು. ಕೇಂದ್ರ ಸರಕಾರ 2016ರಲ್ಲಿ ನಿಯಮ ಮಾಡಿ, 2017ರ ನವೆಂಬರಿನಿಂದ ಮನೆಯ ಬಣ್ಣಗಳಲ್ಲಿ ಹತ್ತು ಲಕ್ಷ ಭಾಗಕ್ಕೆ 90 ಭಾಗಕ್ಕಿಂತ ಹೆಚ್ಚು ಸೀಸ ಇರಕೂಡದೆಂದು ಕಟ್ಟಳೆ ತಂದಿತು. ಅದಕ್ಕೆ ಮುಂಚಿನ ಬಣ್ಣದ ಹೊಣೆ ಯಾರೂ ಹೊರಲಾರರು. ಪೇಂಟರ್ ಉಪ್ಪುಕಾಗದ ಹಿಡಿದು ಒಣ ಬಾಗಿಲನ್ನು ಗಸಗಸ ಉಜ್ಜಿದರೆ ಆ ಪುಡಿ ನೆಲದಲ್ಲಿ, ಹಾಸಿಗೆಯಲ್ಲಿ, ತೆವಳುವ ಕೂಸಿನ ಕೈಯಲ್ಲಿ ಸೇರುತ್ತದೆ. ಸೀಸ ಮಕ್ಕಳ ಮೆದುಳಿಗೆ ಮಾರಕ. ಗರ್ಭಿಣಿಗೂ ಕೇಡು. ಆದ್ದರಿಂದ ಒದ್ದೆ ಮಾಡಿಯೇ ಉಜ್ಜಿಸಿ, ಪುಡಿಯನ್ನು ಗುಡಿಸದೆ ಒದ್ದೆ ಬಟ್ಟೆಯಲ್ಲಿ ಒರೆಸಿ ತೆಗೆಯಿರಿ, ಆ ಎರಡು ದಿನ ಬಸುರಿ ಮಗಳನ್ನೋ ಕೂಸನ್ನೋ ಪಕ್ಕದ ಮನೆಯಲ್ಲಿರಿಸಿ. ಪೇಂಟರ್ "ಏನೂ ಆಗಲ್ಲ ಅಕ್ಕಾರೆ, ಇಪ್ಪತ್ತು ವರ್ಷದಿಂದ ಹೀಗೇ ಮಾಡ್ತಿದೀನಿ" ಅನ್ನುತ್ತಾನೆ. ಅವನಿಗೂ ಮೂಗಿಗೆ ಬಟ್ಟೆ ಕಟ್ಟಿಕೊಳ್ಳಲು ಹೇಳಿ, ಪಾಪ, ಆ ಇಪ್ಪತ್ತು ವರ್ಷ ಪುಡಿ ಕುಡಿದದ್ದು ಅವನೇ.

ಲೆಕ್ಕವೂ ಕೈಯಲ್ಲಿರಲಿ. 12 ಅಡಿಗೆ 14 ಅಡಿಯ ಹಾಲು, 10 ಅಡಿ ಎತ್ತರ ಎಂದುಕೊಳ್ಳಿ. ಸುತ್ತಳತೆ 52 ಅಡಿ, ಗೋಡೆ 520 ಚದರಡಿ. ಎರಡು ಬಾಗಿಲು, ಎರಡು ಕಿಟಕಿ ಕಳೆದರೆ ಸುಮಾರು 440. ಎಮಲ್ಷನ್ ಎರಡು ಕೋಟಿಗೆ ಲೀಟರಿಗೆ ಹೆಚ್ಚುಕಡಿಮೆ 50ರಿಂದ 60 ಚದರಡಿ ಬರುತ್ತದೆ. ಎಂಟು ಲೀಟರ್ ಬೇಕು. ಅಷ್ಟು ಖರ್ಚು ಈ ವರ್ಷ ಆಗದೆಂದರೆ ದಿವಾನದ ಹಿಂದಿನ ಒಂದು ಗೋಡೆಗೆ ಬಳಿಸಿ, ಎರಡೂವರೆ ಲೀಟರ್ ಸಾಕು. ಮಿಕ್ಕ ಮೂರಕ್ಕೆ ಬಿಳಿ. ಈ ಲೆಕ್ಕ ಕಾಗದದಲ್ಲಿ ಬರೆದು ಯಜಮಾನರ ಮುಂದೆ ಇಟ್ಟರೆ "ಪಿಂಕಾ?" ಎಂಬ ಪ್ರಶ್ನೆ ಮತ್ತೆ ಬರುವುದಿಲ್ಲ. ಬಂದರೂ ಮೊದಲಿನ ಧಾಟಿಯಲ್ಲಿ ಬರುವುದಿಲ್ಲ.

ಗೋಡೆ ಆದ ಮೇಲೆ

ಗುಲಾಬಿ ಗೋಡೆಗೆ ಗುಲಾಬಿ ಪರದೆ, ಗುಲಾಬಿ ಸೋಫಾ, ಗುಲಾಬಿ ಪ್ಲಾಸ್ಟಿಕ್ ಹೂವು ಎಂದು ಹೊರಟರೆ ಕೆಟ್ಟಿತು. ಬೀಟೆ, ಸಾಗುವಾನಿ, ಹಲಸಿನ ಮರದ ಹಳೆಯ ಕುರ್ಚಿ ಬೆಂಚುಗಳಿದ್ದರೆ ಅಟ್ಟದಿಂದ ಇಳಿಸಿ ಒರೆಸಿ ಇಡಿ, ಈ ಗೋಡೆಗೆ ಅವೇ ಒಡವೆ. ಬೀದರಿನ ಬಿದರಿ ಹೂದಾನಿ ಯಾರೋ ಮದುವೆಗೆ ಕೊಟ್ಟದ್ದು ಶೋಕೇಸಿನ ಗಾಜಿನೊಳಗೆ ಇದ್ದರೆ ಹೊರಗೆ ತನ್ನಿ. ಅದರ ಕಪ್ಪು ಮತ್ತು ಬೆಳ್ಳಿ ನಸುಗುಲಾಬಿಯ ಮುಂದೆ ಕಾಣುವಷ್ಟು ಚೆಂದ ಬೇರೆ ಯಾವ ಗೋಡೆಯ ಮುಂದೂ ಕಾಣದು. ನೆಲಕ್ಕೆ ನವಲಗುಂದದ ಜಮಖಾನೆಯಾದರೆ ಅದೇ ದೊಡ್ಡ ಆಟ, ಮಿಕ್ಕದ್ದೆಲ್ಲ ಸುಮ್ಮನಿರಲಿ.

ಪರದೆಗೆ ಬಟ್ಟೆ ಕೊಳ್ಳುವ ಮುಂಚೆ ಸೀರೆಯ ಟ್ರಂಕು ತೆರೆಯಿರಿ. ಉಡದೆ ಇಟ್ಟ ಒಂದು ನೂಲಿನ ಸೀರೆ, ಹಸಿರೋ ಬೂದೋ ಮಾಸಲು ನೀಲಿಯೋ. ಐದೂವರೆ ಮೀಟರಿನ ಸೀರೆಯಲ್ಲಿ ಒಂದೂವರೆ ಮೀಟರಿನ ಮೂರು ತುಂಡು ಬರುತ್ತವೆ. ನಾಲ್ಕಡಿ ಎತ್ತರದ ಕಿಟಕಿಗೆ ಮೇಲೆ ಕೆಳಗೆ ಮಡಿಸಿ ಹೊಲಿಯಲು ಅಷ್ಟು ಸಾಕು. ನಾಲ್ಕಡಿ ಅಗಲಕ್ಕೆ ಎರಡು ತುಂಡು ಹಾಕಿದರೆ ನೆರಿಗೆ ಚೆನ್ನಾಗಿ ಬೀಳುತ್ತದೆ. ಮೂರನೆಯದು ದೇವರ ಕೋಣೆಯ ಬಾಗಿಲಿಗೆ ಅರ್ಧ ಪರದೆ. ಉಳಿದ ಒಂದು ಮೀಟರಿನಲ್ಲಿ ಎರಡು ಚಿಕ್ಕ ದಿಂಬಿನ ಕವರು. ಪಡುವಣ ಕಿಟಕಿಯಾದರೆ ಹಿಂದಕ್ಕೆ ಹಳೆಯ ಬಿಳಿ ಪಂಚೆಯ ಒಳಪದರ ಕೊಡಿ, ಸೀರೆಯ ಬಣ್ಣ ಉಳಿಯುತ್ತದೆ. ದಿಂಬಿಗೆ ಗುಳೇದಗುಡ್ಡದ ಖಣ ಸಿಕ್ಕರೆ ಇನ್ನೂ ಮೇಲು. ಬಾಗಿನದಲ್ಲಿ ಬಂದ ಖಣಗಳು ಪೆಟ್ಟಿಗೆಯ ತಳದಲ್ಲಿ ಎಷ್ಟಿರುತ್ತವೋ ಯಾರು ಬಲ್ಲರು!

ಟಿ.ವಿ.ಯ ಜಾಗ ಮಾತ್ರ ತಲೆನೋವು. ತಿಳಿಗುಲಾಬಿಯ ಮೇಲೆ ಅದು ಗೋಡೆಗೆ ತೂತು ಬಿದ್ದ ಹಾಗೆ ಕಾಣುತ್ತದೆ. ಅದರ ಸುತ್ತ ಕಪ್ಪು ಚೌಕಟ್ಟಿನ ಎರಡು ಮೂರು ಹಳೆಯ ಕುಟುಂಬದ ಫೋಟೋ ತೂಗಿಸಿದರೆ ಅದೂ ಫೋಟೋಗಳಲ್ಲೊಂದಾಗಿ ಸೇರಿಕೊಳ್ಳುತ್ತದೆ. ದೇವರ ದೀಪ, ಊದುಬತ್ತಿ ಗೋಡೆಗೆ ಹತ್ತಿರವಿದ್ದರೆ ಒಂದಡಿ ಮುಂದಕ್ಕೆ ತನ್ನಿ, ಮಸಿ ಈ ಬಣ್ಣಕ್ಕೆ ಬೇಗ ಹತ್ತುತ್ತದೆ.

ಬಳಿದ ಗೋಡೆಯನ್ನು ಒಂದು ತಿಂಗಳು ಒದ್ದೆ ಬಟ್ಟೆಯಲ್ಲಿ ಒರೆಸಬೇಡಿ. ಮಿಕ್ಕ ಬಣ್ಣವನ್ನು ಮುಚ್ಚಳ ಬಿಗಿಯಾದ ಹಾರ್ಲಿಕ್ಸ್ ಬಾಟಲಿಗೆ ತುಂಬಿ, ಅಂಗಡಿಯವನು ಕೊಟ್ಟ ನಂಬರಿನ ಚೀಟಿಯನ್ನು ಅದಕ್ಕೇ ಅಂಟಿಸಿ, ತಾರೀಖು ಬರೆದು, ಮಕ್ಕಳ ಕೈಗೆ ಸಿಗದಂತೆ ಬೀರುವಿನ ಮೇಲಿಡಿ. ಸ್ಕೂಲ್ ಬ್ಯಾಗು ಉಜ್ಜಿದ ಕಡೆಗೆ, ಮೊಳೆ ಕಿತ್ತ ತೂತಿಗೆ ಹಳೆಯ ಹಲ್ಲುಜ್ಜುವ ಬ್ರಷ್ಷಿನಲ್ಲಿ ತಟ್ಟಿದರೆ ಆಯಿತು, ಪೇಂಟರನ್ನು ಕರೆಯುವುದೇ ಬೇಡ.